ಗಾಯದ ಪುಡಿಯ ಹಿಂದೆ ಮಣ್ಣು, ಹಸು, ಕಪ್ಪೆ

ಕುಡುಗೋಲು ತಾಗಿ ಕೈ ಕುಯ್ದರೆ ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಮೆಡಿಕಲ್ ಸ್ಟೋರಿನಲ್ಲಿ ಬಹಳ ಜನ ಕೇಳುವುದು ನಿಯೋಸ್ಪೊರಿನ್ ಪುಡಿ. ಅದರಲ್ಲಿರುವ ಮೂರು ಔಷಧಿಗಳಲ್ಲಿ ಎರಡು, ಬ್ಯಾಸಿಟ್ರಾಸಿನ್ ಮತ್ತು ಪಾಲಿಮಿಕ್ಸಿನ್, ಪೆಪ್ಟೈಡ್‌ಗಳು. ಅಂದರೆ ಪ್ರೋಟೀನಿನಂತೆಯೇ ಕಟ್ಟಿಕೊಂಡ ಚಿಕ್ಕ ಸರಪಳಿಗಳು. ಮಾಮೂಲಿ ಮಾತ್ರೆಗೆ ಬಗ್ಗದ ಚರ್ಮದ ಸೋಂಕಿಗೆ ವಿಜ್ಞಾನಿಗಳು ಇಂದು ಹುಡುಕುತ್ತಿರುವ ಹೊಸ ಮದ್ದುಗಳಲ್ಲೂ ಇದೇ ಜಾತಿಯವು ಇವೆ. ಈ 'ಹೊಸದಕ್ಕೆ' 80 ವರ್ಷ ದಾಟಿದೆ.

1939ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆನೆ ಡ್ಯೂಬೋ ಮಣ್ಣಿನ ಬ್ಯಾಕ್ಟೀರಿಯಾದಿಂದ ಇಂಥ ಮದ್ದು ತೆಗೆದರು. ಅದರ ಒಂದು ಭಾಗವೇ ಗ್ರಾಮಿಸಿಡಿನ್. ಆ ಕಾಲಕ್ಕೇ ಅಲ್ಲಿನ ವಿಶ್ವ ಮೇಳದಲ್ಲಿ ಪ್ರದರ್ಶನಕ್ಕಿಟ್ಟ ಹಸುಗಳಿಗೆ ಕೆಚ್ಚಲು ಬಾವು ಬಂತು. ಈ ಮದ್ದು ಕೆಲಸ ಮಾಡಿತು, ಹೆಸರೂ ಮಾಡಿತು. ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ರಕ್ತಕ್ಕೆ ಸೇರಿದರೆ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತಿತ್ತು. ಹಾಗಾಗಿ ಹೊರಗೆ ಹಚ್ಚುವ ಮದ್ದಾಗಿಯೇ ಉಳಿಯಿತು.

1943ರಲ್ಲಿ ಟ್ರೇಸಿ ಎಂಬ ಹುಡುಗಿಯ ಮುರಿದ ಕಾಲಿನ ಗಾಯದಲ್ಲಿ ಒಂದು ಬ್ಯಾಸಿಲಸ್ ಸಿಕ್ಕಿತು. ಅದರಿಂದ ಬಂದದ್ದೇ ಬ್ಯಾಸಿಟ್ರಾಸಿನ್. ಹೆಸರಿನಲ್ಲೇ ಇಬ್ಬರೂ ಇದ್ದಾರೆ. ಇಂಜೆಕ್ಷನ್ ಕೊಟ್ಟರೆ ಕಿಡ್ನಿಗೆ ಪೆಟ್ಟು. ಅದೂ ಮುಲಾಮು, ಪುಡಿಯಲ್ಲೇ ನಿಂತಿತು.

1987ರಲ್ಲಿ ಅಮೆರಿಕದ ಮೈಕೆಲ್ ಜಾಸ್ಲಾಫ್ ಕಪ್ಪೆಗಳನ್ನು ಗಮನಿಸಿದರು. ಆಪರೇಷನ್ ಮಾಡಿ ಕೊಳಕು ನೀರಿಗೆ ಬಿಟ್ಟರೂ ಅವುಗಳ ಗಾಯ ಕೀವಾಗುತ್ತಿರಲಿಲ್ಲ. ಕಪ್ಪೆಯ ಚರ್ಮದಲ್ಲಿ ಮೆಗೈನಿನ್ ಎಂಬ ಪೆಪ್ಟೈಡ್ ಸಿಕ್ಕಿತು. ಅದು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿ ತೂತು ಮಾಡುತ್ತದೆ. ಹಾಗಂತ ಕಪ್ಪೆ ಹಿಡಿದು ಗಾಯಕ್ಕೆ ಉಜ್ಜಬೇಡಿ! ಅದರ ಮಾದರಿಯಲ್ಲಿ ಶುಗರ್ ಇರುವವರ ಕಾಲಿನ ಹುಣ್ಣಿಗೆ ಮಾಡಿದ ಕ್ರೀಮಿಗೇ 1999ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಇದ್ದ ಔಷಧಿಗಿಂತ ಅದು ಮೇಲೆಂದು ಸಾಬೀತಾಗಿರಲಿಲ್ಲ.

ಹುಡುಕಾಟ ನಿಂತಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಪೆಪ್ಟೈಡ್‌ನಂತೆ ಕೆಲಸ ಮಾಡುವ ಚಿಕ್ಕ ಅಣುಗಳನ್ನು ತಯಾರಿಸುತ್ತಿದೆ. ಆದರೆ ಪ್ರಯೋಗಾಲಯದಿಂದ ಅಂಗಡಿಗೆ ದಾರಿ ದೂರ.

ಅಲ್ಲಿಯವರೆಗೆ ಇರುವ ಮದ್ದನ್ನೇ ಉಳಿಸಿಕೊಳ್ಳಬೇಕು. ಬೇಕಾಬಿಟ್ಟಿ ಬಳಸಿದರೆ ಪೆಪ್ಟೈಡ್‌ಗೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆ. ಕುರು ಮತ್ತೆ ಮತ್ತೆ ಎದ್ದರೆ, ಕೆಂಪು ಹರಡಿದರೆ, ಜ್ವರ ಬಂದರೆ, ಶುಗರ್ ಇದ್ದವರ ಕಾಲಿನಲ್ಲಿ ಗಾಯವಾದರೆ ಪುಡಿ ಉದುರಿಸಿ ಕೂರಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕೀವಿನ ಕಲ್ಚರ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಯಾವ ಮದ್ದಿಗೆ ಆ ರೋಗಾಣು ಬಗ್ಗುತ್ತದೆ ಎಂದು ತಿಳಿಯುವುದು ಅದರಿಂದಲೇ.