ವಾರಕ್ಕೆ ದೊರೆಯುವ ಕೋಟೆ

ಐನೂರು ವರ್ಷದ ಹಿಂದಿನ ಒಂದು ಕೋಟೆಯನ್ನೋ ಅರಮನೆಯನ್ನೋ ಒಂದು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ಸಂಸಾರಸಮೇತ ಇದ್ದು ಬರಬಹುದು ಎಂದರೆ ನಮ್ಮಲ್ಲಿ ಅನೇಕರಿಗೆ ಅದು ಕಟ್ಟುಕತೆಯಂತೆ ತೋರೀತು. ಕೋಟೆಯೆಂದರೆ ನಮಗೆ ಬುರುಜು, ಕಂದಕ, ಪ್ರಾಚ್ಯವಸ್ತು ಇಲಾಖೆಯ ನೀಲಿ ಫಲಕ. ಸಂಜೆಯಾಗುತ್ತಲೇ ಕಾವಲುಗಾರ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುವ ಸ್ಥಳ. ಇಟಲಿಯಲ್ಲಾದರೋ ಬೀಗದ ಕೈಯನ್ನೇ ಬಂದವರ ಕೈಗೆ ಕೊಡುತ್ತಾರೆ. ಶನಿವಾರ ಮಧ್ಯಾಹ್ನ ಒಳಗೆ ಹೋದವರು ಮುಂದಿನ ಶನಿವಾರ ಬೆಳಗ್ಗೆ ತೆರವು ಮಾಡಬೇಕೆಂಬುದು ಅಲ್ಲಿ ಬಹುಮಟ್ಟಿಗೆ ನಡೆದುಬಂದ ರೂಢಿ. ಹಣವುಳ್ಳವರ ವಿಲಾಸವಿದು ಎನ್ನಬಹುದು. ವಿಲಾಸವೇ ಸರಿ. ಆದರೆ ಈ ವಿಲಾಸಕ್ಕೂ ಒಂದು ಚರಿತ್ರೆಯುಂಟು. ಅದರಲ್ಲಿ ನಾವು ತರಗತಿಯಲ್ಲಿ ಓದಿದ ಕವಿಗಳಿದ್ದಾರೆ. ಯಾವ ತರಗತಿಯಲ್ಲಿಯೂ ಹೆಸರು ಕೇಳಿಬಾರದ ಒಕ್ಕಲುಗಳೂ ಇದ್ದಾರೆ.

ಮೊದಲು ಕವಿಗಳ ಮಾತು. ಬೈರನ್, ಷೆಲ್ಲಿ, ಬ್ರೌನಿಂಗ್ — ನಮ್ಮ ನವೋದಯದ ತಲೆಮಾರು ಓದಿ ಬೆಳೆದ ಈ ಮೂವರೂ ಇಟಲಿಯಲ್ಲಿ ಬಾಡಿಗೆಮನೆಯವರು. ಬೈರನ್ 1818ರಲ್ಲಿ ವೆನಿಸ್ಸಿನ ದೊಡ್ಡ ಕಾಲುವೆಯ ದಡದಲ್ಲಿ ಮೊಚೆನಿಗೊ ವಂಶದವರ ಅರಮನೆಯೊಂದನ್ನು ಹಿಡಿದ. ಎರಡು ವರ್ಷದ ತರುವಾಯ ರವೆನ್ನಾ ನಗರದಲ್ಲಿ ಅವನು ನೆಲೆಸಿದ್ದು ಕೌಂಟ್ ಗ್ವಿಚ್ಚೋಲಿಯ ಮನೆಯ ಮೇಲಂತಸ್ತಿನಲ್ಲಿ. ಆ ಕೌಂಟನ ಹರೆಯದ ಹೆಂಡತಿ ತೆರೇಸಾ ಬೈರನ್ನನ ಪ್ರೇಯಸಿ. ಈ ಸಂಗತಿ ಊರಿಗೂ ಗೊತ್ತಿತ್ತು, ಕೌಂಟನಿಗೂ ಗೊತ್ತಿತ್ತು. ಆದರೂ ಮನೆ ಬಾಡಿಗೆಗೆ ಸಿಕ್ಕಿತು! 1821ರ ಬೇಸಗೆಯಲ್ಲಿ ಅಲ್ಲಿಗೆ ಅತಿಥಿಯಾಗಿ ಹೋದ ಷೆಲ್ಲಿ, ಕುದುರೆಗಳನ್ನು ಬಿಟ್ಟರೆ ಉಳಿದ ಪ್ರಾಣಿಗಳೆಲ್ಲ ಮನೆಯ ಒಡೆಯರಂತೆ ಒಳಗೇ ಓಡಾಡುತ್ತಿವೆಯೆಂದು ಗೆಳೆಯನಿಗೆ ಬರೆದ. ಎಂಟು ನಾಯಿ, ಮೂರು ಕೋತಿ, ಐದು ಬೆಕ್ಕು, ಒಂದು ಹದ್ದು, ಒಂದು ಕಾಗೆ, ಒಂದು ಗಿಡುಗ; ಕಾಗದ ಮುಗಿಸಿ ಎದ್ದಮೇಲೆ ಮೆಟ್ಟಿಲ ಮೇಲೆ ನವಿಲುಗಳೂ ಎದುರಾದವಂತೆ. ಇಂಥ ಬಾಡಿಗೆದಾರನನ್ನು ನಮ್ಮೂರಿನ ಯಾವ ಮನೆಯೊಡೆಯ ಸಹಿಸಿಯಾನು? ಈಗ ಆ ಮನೆ ಬೈರನ್ನನ ಹೆಸರಿನ ವಸ್ತುಸಂಗ್ರಹಾಲಯವಾಗಿದೆ.

ಷೆಲ್ಲಿಯ ಪಾಲಿಗೆ ಬಂದ ಬಾಡಿಗೆಮನೆ ಬೇರೆ ಬಗೆಯದು. 1822ರ ಏಪ್ರಿಲ್ ಕೊನೆಯಲ್ಲಿ ಲೆರಿಚಿ ಊರಿನ ಹತ್ತಿರ, ಸಾನ್ ತೆರೆಂಜೊ ಎಂಬ ಬೆಸ್ತರ ಹಳ್ಳಿಯಲ್ಲಿ ‘ಕಾಸಾ ಮಾಂಞಿ’ ಎಂಬ ಮನೆಯನ್ನು ಅವನೂ ಸ್ನೇಹಿತನೊಬ್ಬನ ಸಂಸಾರವೂ ಸೇರಿ ಹಿಡಿದರು. ಎದುರಿಗೆ ಕಡಲು, ಗಾಳಿ ಎದ್ದಾಗ ಅಲೆ ಹೊಸ್ತಿಲಿಗೇ ಬರುತ್ತಿತ್ತು. ಷೆಲ್ಲಿಗೆ ಅದು ಸ್ವರ್ಗವಾಗಿ ಕಂಡಿತು. ಹೆಂಡತಿ ಮೇರಿಗೆ ಆ ಮನೆಯನ್ನು ಕಂಡರೆ ಆಗುತ್ತಿರಲಿಲ್ಲ. ಜೂನ್‌ನಲ್ಲಿ ಅವಳಿಗೆ ಗರ್ಭಸ್ರಾವವಾಗಿ ಜೀವಕ್ಕೇ ಸಂಚಕಾರ ಬಂದಿತು. ಜುಲೈ 8ರಂದು ಲಿವೋರ್ನೊದಿಂದ ದೋಣಿಯಲ್ಲಿ ಹಿಂದಿರುಗುತ್ತಿದ್ದ ಷೆಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ. ಮೂವತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಇಂಗ್ಲಿಷ್ ಸಾಹಿತ್ಯದ ಚರಿತ್ರೆಗಳಲ್ಲಿ ಈ ಸಾವನ್ನು ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಆ ಮನೆಯಲ್ಲಿ ಮೇರಿ ಕಳೆದ ಹತ್ತು ವಾರಗಳನ್ನು ಕುರಿತು ಬರೆದದ್ದು ಕಡಮೆ.

ಬ್ರೌನಿಂಗ್ ದಂಪತಿಗಳು ಸುಖವಾಗಿದ್ದವರು. 1847ರಲ್ಲಿ ಫ್ಲಾರೆನ್ಸಿಗೆ ಬಂದು ಪಿತ್ತಿ ಅರಮನೆಗೆ ಎದುರಾದ ಕಾಸಾ ಗ್ವಿದಿಯಲ್ಲಿ ನೆಲೆಸಿದರು. ಎಲಿಜಬೆತ್ 1861ರ ಜೂನ್ 29ರಂದು ಅಲ್ಲಿಯೇ ತೀರಿಕೊಂಡಳು. ಗಂಡ ಮಗನನ್ನು ಕರೆದುಕೊಂಡು ಊರು ಬಿಟ್ಟವನು ಮತ್ತೆ ಫ್ಲಾರೆನ್ಸಿಗೆ ಕಾಲಿಡಲಿಲ್ಲ. ಅವರಿದ್ದ ಕೋಣೆಗಳು ಇಂದಿಗೂ ಬಾಡಿಗೆಗೆ ದೊರೆಯುತ್ತವೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ, ರಜೆಗೆ ಬರುವವರಿಗೆ ಕೊಟ್ಟು, ಆ ಹಣದಿಂದಲೇ ಅವುಗಳನ್ನು ಪೋಷಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆ ಈ ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. ಎಲಿಜಬೆತ್ ಕಾವ್ಯ ಬರೆದ ಮನೆಯಲ್ಲಿ ನಿಂತು ಕಾಫಿ ಕಾಯಿಸಿಕೊಳ್ಳಬಹುದು.

ರಜೆಗೆಂದು ಕೋಟೆ ಹಿಡಿಯುವ ಆಸೆಯನ್ನು ಮಧ್ಯಮವರ್ಗದ ಮನಸ್ಸಿನಲ್ಲಿ ಬಿತ್ತಿದವಳು ಮಾತ್ರ ಕವಿಯಲ್ಲ, ಕಾದಂಬರಿಕಾರ್ತಿ. ಎಲಿಜಬೆತ್ ಫಾನ್ ಆರ್ನಿಮ್ 1921ರಲ್ಲಿ ಪೋರ್ಟೊಫಿನೊದ ಒಂದು ಕೋಟೆಯಲ್ಲಿ ತಂಗಿದ್ದು, ಮರುವರ್ಷ ‘ದಿ ಎನ್‌ಚಾಂಟೆಡ್ ಏಪ್ರಿಲ್’ ಪ್ರಕಟಿಸಿದಳು. ಲಂಡನ್ನಿನ ಮಳೆಗೆ ಬೇಸತ್ತ ನಾಲ್ವರು ಹೆಂಗಸರು ಪತ್ರಿಕೆಯ ಜಾಹಿರಾತು ನೋಡಿ ಹಣ ಕೂಡಿಸಿ ಒಂದು ತಿಂಗಳು ಇಟಲಿಯ ಕೋಟೆ ಹಿಡಿಯುವ ಕತೆ. ಹಗುರವಾದ ಕೃತಿ, ಆದರೆ ಚೆಲುವಾದದ್ದು.

ಅದಿರಲಿ. ಅರಮನೆಗಳು ಪರದೇಶದ ಕವಿಗಳಿಗೆ ಬಾಡಿಗೆಗೆ ಏಕೆ ಸಿಕ್ಕಿದವು? ಒಡೆಯರು ಬಡವಾಗಿದ್ದರು. ಸಾವಿರ ವರ್ಷ ಬಾಳಿದ ವೆನಿಸ್ ಗಣರಾಜ್ಯ 1797ರಲ್ಲಿ ನೆಪೋಲಿಯನ್ನನ ಕೈಯಲ್ಲಿ ಮುಗಿದುಹೋಯಿತು. ಅಧಿಕಾರ ಹೋದ ಮನೆತನಗಳಿಗೆ ಉಳಿದದ್ದು ಸೋರುವ ಮಾಡು. ಅಂದಿನಿಂದ ಇಂದಿನವರೆಗೂ ಇಟಲಿಯ ಹಳೆಯ ಮನೆಗಳ ಬಾಡಿಗೆಯ ಹಿಂದಿರುವುದು ಬಹುಮಟ್ಟಿಗೆ ಈ ಮಾಡಿನ ಖರ್ಚೇ.

ಹಾಗಾದರೆ ಕಟ್ಟಿದವರು ವಿಲಾಸಕ್ಕಾಗಿ ಕಟ್ಟಿದರೆ? ಇಲ್ಲಿ ಪಲ್ಲಾಡಿಯೊನ ಸಾಕ್ಷ್ಯ ನೋಡಬೇಕು. 1508ರಲ್ಲಿ ಹುಟ್ಟಿ ಕಲ್ಲುಕುಟಿಗನಾಗಿ ಬದುಕು ಆರಂಭಿಸಿದ ಈತ ವೆನಿಸ್ಸಿನ ಒಳನಾಡಿನಲ್ಲಿ ಕಟ್ಟಿದ ವಿಲ್ಲಾಗಳನ್ನು ಯುನೆಸ್ಕೊ 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅವು ಮೂಲತಃ ಬೇಸಾಯದ ಮನೆಗಳು! ಕಡಲ ವ್ಯಾಪಾರದ ಭರವಸೆ ತಗ್ಗಿದಾಗ ವೆನಿಸ್ಸಿನ ಶ್ರೀಮಂತರು ಒಳನಾಡಿನ ನೆಲಕ್ಕೆ ಹಣ ಹಾಕಿದರು. ಜೌಗು ಬತ್ತಿಸಿ ಬೆಳೆ ತೆಗೆದರು. ಅವರಿಗೆ ಬೇಕಾದದ್ದು ಘನತೆಯೂ ಹೌದು, ಕಣಜವೂ ಹೌದು. ಪಲ್ಲಾಡಿಯೊ ರೋಮನ್ ದೇಗುಲದ ಮುಖವನ್ನು ತಂದು ರೈತನ ಮನೆಗೆ ಜೋಡಿಸಿದ. ಅಮೃತಶಿಲೆಯ ಬದಲು ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಬಳಿದ. ವಿಚೆಂಜಾ ಸೀಮೆಯಲ್ಲಿ 1540ರ ದಶಕದ ವಿಲ್ಲಾ ಸರಾಚೆನೊ ಇದೆ. ಅದರ ಅಟ್ಟವೇ ಧಾನ್ಯದ ಕಣಜ. ಪಾಳುಬಿದ್ದಿದ್ದ ಆ ಮನೆಯನ್ನು ನಾನು ಹೇಳಿದ ಟ್ರಸ್ಟೇ 1989ರಲ್ಲಿ ಕೊಂಡು ದುರಸ್ತಿ ಮಾಡಿ ಈಗ ಬಾಡಿಗೆಗೆ ಕೊಡುತ್ತಿದೆ.

ಕಣಜವೆಂದಮೇಲೆ ಅದನ್ನು ತುಂಬಿದವರಾರು ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ರೋಮನ್ನರ ಕಾಲಕ್ಕೇ ಮುಟ್ಟುತ್ತೇವೆ. ಕಿರಿಯ ಪ್ಲೀನಿ ತನ್ನ ತಸ್ಕನಿಯ ವಿಲ್ಲಾವನ್ನು ವರ್ಣಿಸಿ ಬರೆದ ಕಾಗದ ಪ್ರಸಿದ್ಧವಾದದ್ದು. ಬೆಟ್ಟದಿಂದ ನೋಡಿದರೆ ಕೆಳಗಿರುವುದು ನೆಲವಲ್ಲ, ಬರೆದಿಟ್ಟ ಚಿತ್ರ ಎನ್ನಿಸುತ್ತದೆ ಎಂದಾತ ಹೇಳುತ್ತಾನೆ. ಇಂದಿನ ಬಾಡಿಗೆಯ ಜಾಹಿರಾತುಗಳೆಲ್ಲ ಈ ಮಾತಿನ ಮೊಮ್ಮಕ್ಕಳು. ಅದೇ ಪ್ಲೀನಿ ಇನ್ನೊಂದು ಕಾಗದದಲ್ಲಿ ಗೇಣಿದಾರರ ಬಾಕಿ ಬೆಳೆಯುತ್ತಲೇ ಇದೆಯೆಂದು ಗೊಣಗಿ, ಇನ್ನು ಹಣದ ಗೇಣಿ ಬಿಟ್ಟು ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವುದೇ ಮದ್ದು ಎಂದು ತೀರ್ಮಾನಿಸುತ್ತಾನೆ. ಮೊದಲನೆಯ ಕಾಗದವನ್ನು ಓದುವವರು ಎರಡನೆಯದನ್ನೂ ಓದಬೇಕೆಂಬುದು ನನ್ನ ವಿನಂತಿ.

ಮಧ್ಯಯುಗದಿಂದೀಚೆಗೆ ತಸ್ಕನಿಯಲ್ಲಿ ಬೆಳೆಯ ಪಾಲಿನ ಈ ಪದ್ಧತಿಗೆ ‘ಮೆಜ್ಜಾದ್ರಿಯಾ’ ಎಂದು ಹೆಸರು. ಅರ್ಧ ಎಂಬರ್ಥದ ಮಾತಿನಿಂದ ಬಂದದ್ದು. ನೆಲವೂ ಮನೆಯೂ ಧಣಿಯದು, ಬೆವರು ಒಕ್ಕಲಿನದು, ಬೆಳೆ ಅರ್ಧರ್ಧ. ನಡುವೆ ಲೆಕ್ಕ ಬರೆಯಲು ಒಬ್ಬ ಪಾರುಪತ್ತೇಗಾರ. ಅನೇಕ ಕಡೆ ಮಗನ ಮದುವೆಗೂ ಧಣಿಯ ಒಪ್ಪಿಗೆ ಬೇಕು. ಕರಾರು ವರ್ಷದ್ದು, ಬೇಡವೆಂದರೆ ಇಡೀ ಸಂಸಾರ ಗಂಟುಮೂಟೆ ಕಟ್ಟಬೇಕು. ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಮಾತಿದೆ: ‘ವಾರ’. ಕೆಲವು ಸೀಮೆಗಳಲ್ಲಿ ‘ಕೋರು’ ಎನ್ನುತ್ತಾರೆ. ಏಳು ದಿನಕ್ಕೂ ವಾರ, ಬೆಳೆಯ ಪಾಲಿಗೂ ವಾರ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಗದ್ದೆಯನ್ನೂ ಒಂದು ಸಂಸಾರ ವಾರಕ್ಕೆ ಮಾಡುತ್ತಿತ್ತು. ಸುಗ್ಗಿಯಲ್ಲಿ ಕಣದಲ್ಲೇ ರಾಶಿ ಅಳೆದು ಅರ್ಧ ನಮ್ಮ ಕಣಜಕ್ಕೆ ಬರುತ್ತಿತ್ತು. 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗದ್ದೆ ಅವರದಾಯಿತು. ನಮ್ಮಜ್ಜಿ ಬಹಳ ದಿನ ಮುಖ ಬಿಗಿದುಕೊಂಡಿದ್ದರು. ಉತ್ತವರಿಗೆ ಸೇರಿದ್ದು ನ್ಯಾಯವೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಆದ್ದರಿಂದ ಇಟಲಿಯ ವಿಲ್ಲಾದ ಚಿತ್ರ ನೋಡಿದಾಗ ನನ್ನ ಕಣ್ಣು ಮೊದಲು ಕಣ ಎಲ್ಲಿತ್ತು ಎಂದು ಹುಡುಕುತ್ತದೆ.

ಈ ಎರಡೂ ‘ವಾರ’ಗಳು ಒಂದೇ ಅಂಗಳದಲ್ಲಿ ಸೇರಿದ ಸ್ಥಳವೊಂದನ್ನು ಹೇಳುತ್ತೇನೆ. ದಕ್ಷಿಣ ತಸ್ಕನಿಯ ಒರ್ಚಾ ಕಣಿವೆಯಲ್ಲಿ ಲಾ ಫೋಚೆ ಎಂಬ ಎಸ್ಟೇಟಿದೆ. ಅದರ ಹಿರಿಮನೆ ಹದಿನೈದನೆಯ ಶತಮಾನದ ಕೊನೆಯಲ್ಲಿ ಸಿಯೆನಾದ ಆಸ್ಪತ್ರೆಯವರು ಯಾತ್ರಿಕರಿಗಾಗಿ ಕಟ್ಟಿಸಿದ ಛತ್ರ. 1920ರ ದಶಕದ ಮೊದಲಲ್ಲಿ ಆಂತೋನಿಯೊ ಒರಿಗೊ ಮತ್ತು ಅವನ ಹೆಂಡತಿ, ಲೇಖಕಿ ಐರಿಸ್ ಒರಿಗೊ, ಇದನ್ನು ಕೊಂಡಾಗ ಸುತ್ತ ಇದ್ದದ್ದು ಬಿರುಕುಬಿಟ್ಟ ಜೇಡಿಯ ಬೋಳುಗುಡ್ಡ. ಅವರು ರಸ್ತೆ ಹಾಕಿಸಿದರು, ಶಾಲೆ, ಚಿಕಿತ್ಸಾಲಯ ಕಟ್ಟಿಸಿದರು. ವಾರಕ್ಕೆ ಮಾಡುವ ಒಕ್ಕಲು ಮನೆಗಳು ಐವತ್ತನ್ನು ಮೀರಿದವು. ಗುಡ್ಡದ ಮೇಲೆ ಸೈಪ್ರೆಸ್ ಮರಗಳ ನಡುವೆ ಹಾವಿನಂತೆ ಹರಿದ ದಾರಿಯ ಚಿತ್ರವನ್ನು ನೀವೂ ಯಾವುದೋ ಕ್ಯಾಲೆಂಡರಿನಲ್ಲಿ ಕಂಡಿರಬಹುದು. ಪುನರುಜ್ಜೀವನ ಕಾಲದ ದೃಶ್ಯವೆಂದು ಪ್ರವಾಸಿಗಳು ಕಣ್ತುಂಬಿಕೊಳ್ಳುವ ಆ ದಾರಿಯನ್ನು ಮಾಡಿಸಿದವರು ಇದೇ ಒರಿಗೊಗಳು. ಅಂದರೆ ಅದಕ್ಕೆ ಇನ್ನೂ ನೂರರ ಆಸುಪಾಸು.

ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಮನೆ ಕಳೆದುಕೊಂಡ ನಗರಗಳ ಮಕ್ಕಳಿಗೆ ಲಾ ಫೋಚೆ ಆಸರೆಯಾಯಿತು. ಸೆರೆಯಿಂದ ತಪ್ಪಿಸಿಕೊಂಡ ಸೈನಿಕರನ್ನು ಒಕ್ಕಲು ಮನೆಯವರು ಪ್ರಾಣವನ್ನು ಪಣವಿಟ್ಟು ಬಚ್ಚಿಟ್ಟರು, ಇದ್ದ ರೊಟ್ಟಿಯಲ್ಲಿ ಪಾಲು ಕೊಟ್ಟರು. 1944ರ ಜೂನ್‌ನಲ್ಲಿ ರಣರಂಗ ಬಾಗಿಲಿಗೇ ಬಂದಾಗ ಐರಿಸ್ ಮಕ್ಕಳನ್ನೂ ಕೈಗೂಸುಗಳನ್ನೂ ಕರೆದುಕೊಂಡು, ಗುಂಡುಗಳು ಸಿಡಿಯುತ್ತಿರುವಂತೆ ಮೊಂತೆಪುಲ್ಚಾನೊ ಪಟ್ಟಣಕ್ಕೆ ನಡೆದೇ ಹೋದಳು. ಅವಳ ದಿನಚರಿ 1947ರಲ್ಲಿ ‘ವಾರ್ ಇನ್ ವಾಲ್ ದೋರ್ಚಾ’ ಎಂದು ಪ್ರಕಟವಾಯಿತು. ಅದರಲ್ಲಿ ಧಣಿ–ಒಕ್ಕಲು ಒಂದೇ ಕುಟುಂಬದವರಂತೆ ಕಾಣುತ್ತಾರೆ. ಯುದ್ಧ ಮುಗಿಯಿತು, ಲೆಕ್ಕದ ಪುಸ್ತಕ ಮತ್ತೆ ತೆರೆಯಿತು. ಅರ್ಧ ಸಾಲದೆಂದು ಇಟಲಿಯ ಒಕ್ಕಲುಗಳು ಎದ್ದು ನಿಂತರು. ಸರ್ಕಾರ ಮಧ್ಯೆ ಬಂದು ಅವರ ಪಾಲನ್ನು ನೂರಕ್ಕೆ 53 ಮಾಡಿತು. ಅಷ್ಟು ಹೋರಾಟಕ್ಕೆ ನೂರಕ್ಕೆ ಮೂರು! 1964ರ ಕಾನೂನು ಅದನ್ನು 58ಕ್ಕೆ ಏರಿಸಿ, ಹೊಸದಾಗಿ ಇಂಥ ಕರಾರು ಮಾಡುವುದನ್ನೇ ನಿಷೇಧಿಸಿತು. ಅಷ್ಟರಲ್ಲಿ ಕಾಲ ಮೀರಿತ್ತು. ಒಕ್ಕಲುಗಳ ಮಕ್ಕಳು ಕಾರ್ಖಾನೆಗಳಿಗೆ ಹೊರಟುಹೋಗಿದ್ದರು. ನಮ್ಮಲ್ಲಿ ಕಾನೂನು ಬಂದಾಗ ಉಳುವವನು ನೆಲದ ಮೇಲಿದ್ದ. ಅಲ್ಲಿ ಬರುವ ಹೊತ್ತಿಗೆ ಬಹುಪಾಲು ಜನ ಹೊರಟಿದ್ದರು.

ಬರಿದಾದ ಆ ಕಲ್ಲಿನ ಮನೆಗಳನ್ನು ಮೊದಲು ಉತ್ತರ ಯುರೋಪಿನವರು ಅಗ್ಗವಾಗಿ ಕೊಂಡರು. 1985ರಲ್ಲಿ ರೈತರು ಪ್ರವಾಸಿಗಳಿಗೆ ಮನೆ ಕೊಡುವುದಕ್ಕೆಂದೇ ಒಂದು ಕಾನೂನಾಯಿತು. ಒರ್ಚಾ ಕಣಿವೆ 2004ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಲಾ ಫೋಚೆಯ ಒಕ್ಕಲು ಮನೆಗಳು ಕೆಲವು ಈಗ ವಾರದ ಬಾಡಿಗೆಗೆ ಸಿಗುತ್ತವೆ. ಬಾಡಿಗೆಗೆ ಹೋಗುವವರನ್ನು ನಾನು ಜರೆಯಲಾರೆ. ಕಿಯಾನಾ ಕಣಿವೆಯಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಒಕ್ಕಲುಗಳಿಗೆ ಗಾಳಿ ಬೆಳಕಿನ ಮನೆ ಬೇಕೆಂದು ಯೋಚಿಸಿದ ದೊರೆ ಲಿಯೊಪೋಲ್ಡನ ಹೆಸರಿನ ಮನೆಗಳಿವೆ. ಕೊಳ್ಳುವವರಿಲ್ಲದೆ, ಬಾಡಿಗೆಗೆ ಬರುವವರಿಲ್ಲದೆ, ಅವುಗಳಲ್ಲಿ ಎಷ್ಟೋ ಮಾಡು ಕುಸಿದು ಬಿದ್ದಿವೆ. ಬಾಡಿಗೆ ಬಂದಲ್ಲಿ ಗೋಡೆ ನಿಂತಿದೆ.

ತಸ್ಕನಿಯ ಹಳೆಯ ಒಕ್ಕಲು ಮನೆಯಲ್ಲಿ ಕೆಳಗೆ ಕೊಟ್ಟಿಗೆ, ಹೊರಗಿನ ಮೆಟ್ಟಿಲು ಹತ್ತಿದರೆ ಮೇಲೆ ಜನ. ಇಂದು ಶನಿವಾರ ಬಂದಿಳಿದವರು ಉದ್ದನೆಯ ಮೇಜು ಹಾಕಿ ಊಟಕ್ಕೆ ಕೂರುವುದು ಎಷ್ಟೋ ಮನೆಗಳಲ್ಲಿ ಆ ಕೊಟ್ಟಿಗೆಯಲ್ಲಿಯೇ. ಚಳಿಗಾಲದಲ್ಲಿ ಅಲ್ಲಿ ಕಟ್ಟಿದ ಬಿಳಿಯ ಎತ್ತುಗಳ ಮೈಬಿಸಿ ಹಲಗೆಯ ಸಂದಿನಿಂದ ಏರಿ ಮೇಲೆ ಮಲಗಿದ ಮಕ್ಕಳಿಗೆ ತಗಲುತ್ತಿತ್ತು.