ಕಪ್ಪೆಗಳ ವಂಶಾವಳಿ

ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದಲ್ಲಿ ಬೇಗೂರು ಇದೆ. ಅಲ್ಲಿ ದೊರೆತ ಗಂಗರ ಕಾಲದ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಉಲ್ಲೇಖಿಸುತ್ತದೆ. ಅದು 9ನೆಯ ಶತಮಾನದ ಕೊನೆಯ ಭಾಗದ್ದೆಂದು ವಿದ್ವಾಂಸರ ಮತ. ಆ ಕಲ್ಲು ಉಳಿದುದರಿಂದಲೇ ಊರ ಹೆಸರಿನ ಪ್ರಾಚೀನತೆಗೆ ಸಾಕ್ಷಿ ದೊರೆಯಿತು. ಬೆಂದ ಕಾಳಿನ ಕಥೆ ಬರಿಯ ಕಥೆಯಾಗಿ ಉಳಿಯಿತು.

ಅದೇ ಹೆಸರು 2020ರಲ್ಲಿ ಒಂದು ಕಪ್ಪೆಗೆ ಸಂದಿತು. ನಗರದ ಹೊರವಲಯದ ಪಾಳು ನೆಲದಲ್ಲಿ ಕಂಡ, ಹಿಂಗಾಲಿನ ಗುದ್ದಲಿಯಂಥ ಗುಬಟಿನಿಂದ ಮಣ್ಣನ್ನು ತೋಡಿ ಒಳಗೆ ಅಡಗುವ ಜೀವಿ ಅದು. ಪ್ರಾಣಿಶಾಸ್ತ್ರಜ್ಞರು ಅದನ್ನು 'ಸ್ಫೇರೋಥೀಕಾ ಬೆಂಗಳೂರು' ಎಂದು ಕರೆದರು. ಕನ್ನಡದ ಮೇಷ್ಟರಿಗೆ ಕಪ್ಪೆಯ ಗೊಡವೆ ಏಕೆ ಎಂದು ತಾವು ಕೇಳಬಹುದು. ಪ್ರಾಣಿಗಳ ವರ್ಗೀಕರಣವೂ ನಮ್ಮ ಗ್ರಂಥಸಂಪಾದನೆಯೂ ಒಂದೇ ದಾರಿಯಲ್ಲಿ ನಡೆಯುತ್ತವೆ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಕಪ್ಪೆ, ಹಲ್ಲಿ, ಹಾವುಗಳನ್ನು ಒಂದೇ ವರ್ಗದಲ್ಲಿ ಸೇರಿಸಿದ. ಹೋಲಿಕೆಯೇ ಅವನಿಗೆ ಆಧಾರ. ಹೋಲಿಕೆಯ ಹಿಂದೆ ರಕ್ತಸಂಬಂಧವಿದೆ ಎಂದು 1859ರಲ್ಲಿ ಡಾರ್ವಿನ್ ತೋರಿಸಿದ ಮೇಲೆ ವರ್ಗೀಕರಣವು ವಂಶಾವಳಿಯಾಯಿತು. ಆದರೆ ಎಲ್ಲ ಹೋಲಿಕೆಯೂ ಹತ್ತಿರದ ನಂಟಿಗೆ ಸಾಕ್ಷಿಯಲ್ಲ. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಮುಂದಿವೆ ಎನ್ನಿ. ಹತ್ತರಲ್ಲೂ ಇರುವ ಶುದ್ಧಪಾಠ ಅವುಗಳೊಳಗಿನ ನಂಟನ್ನು ಹೇಳದು; ಮೂರರಲ್ಲಿ ಮಾತ್ರ ಕಾಣುವ ಹೊಸ ಸ್ಖಾಲಿತ್ಯವೊಂದು, ಆ ಮೂರೂ ಒಂದೇ ತಾಯಿಪ್ರತಿಯ ಮಕ್ಕಳೆಂದು ಹೇಳುತ್ತದೆ. ಬೆನ್ನೆಲುಬು ಮೀನು, ಕಪ್ಪೆ, ಹಲ್ಲಿ, ಹಕ್ಕಿ, ಹಸುಗಳಿಗೆಲ್ಲ ಸಮಾನವಾದ ಮೂಲಪಾಠ. ಸುಮಾರು 37 ಕೋಟಿ ವರ್ಷಗಳ ಹಿಂದೆ ಕೆಲವು ಮೀನುಗಳ ಈಜುರೆಕ್ಕೆ ಕಾಲಾಗಿ ಮಾರ್ಪಟ್ಟಿತು. ಆ ಹೊಸ ಪಾಠ ಕಪ್ಪೆಗೂ ನಮಗೂ ಬಂದಿದೆ. ಆಮೇಲೆ ಒಂದು ಕವಲಿನಲ್ಲಿ ಭ್ರೂಣವನ್ನು ನೀರಿನ ಚೀಲದಂತೆ ಸುತ್ತುವ ಪೊರೆ ಹುಟ್ಟಿತು. ಸರೀಸೃಪ, ಪಕ್ಷಿ, ಸಸ್ತನಿಗಳು ಆ ಕವಲಿನವು. ಕಪ್ಪೆ ಅದರ ಹೊರಗೆ ಉಳಿಯಿತು. ಆದುದರಿಂದಲೇ ಬಹುಪಾಲು ಕಪ್ಪೆಗಳು ಇಂದಿಗೂ ಮೊಟ್ಟೆಯಿಡಲು ನೀರಿಗೆ ಮರಳುತ್ತವೆ. ಹಲ್ಲಿ ಕಪ್ಪೆಗಿಂತ ನಮಗೇ ಹತ್ತಿರದ ನಂಟ!

ಈ ವಿದ್ಯೆಗೆ ಬೆಂಗಳೂರಿನಲ್ಲಿ ಒಬ್ಬ ಹಿರಿಯರಿದ್ದರು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ (1882–1960). 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. 1920ರಲ್ಲಿಯೂ 1937ರಲ್ಲಿಯೂ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಹೊಸ ಹೆಸರಿಡುವಾಗ ಅದಕ್ಕೆ ಆಧಾರವಾದ ಪ್ರಾಣಿಯ ದೇಹವನ್ನು ಕಾಪಿಡುವುದು ಶಾಸ್ತ್ರದ ಪದ್ಧತಿ. ಅದೇ ಮೂಲಮಾದರಿ, ನಮ್ಮ ಭಾಷೆಯಲ್ಲಿ ಶಾಸನದ ಕಲ್ಲು. ದುರ್ದೈವದಿಂದ ರಾಯರ ಮೂಲಮಾದರಿಗಳಲ್ಲಿ ಬಹುಪಾಲು ಕಳೆದುಹೋದುವು. ಹೆಸರು ಉಳಿಯಿತು, ಸಾಕ್ಷಿ ಉಳಿಯಲಿಲ್ಲ. ಮುಂದಿನವರಿಗೆ ಈ ಹೆಸರು ಯಾವ ಕಪ್ಪೆಯದೆಂದು ನಿರ್ಧರಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವಂಥ ಕೆಲಸವಾಯಿತು.

ಅವರ ಬರಹವನ್ನೇ ಕೈದೀವಿಗೆಯಾಗಿ ಹಿಡಿದು ವಿದ್ವಾಂಸರು ಪಶ್ಚಿಮಘಟ್ಟದ ತೊರೆಗಳಲ್ಲಿ ಹುಡುಕಿದರು. 2011ರ ಅಧ್ಯಯನವೊಂದು, 1920ರಲ್ಲಿ ರಾಯರು ಹೆಸರಿಸಿದ ಕೊಡಗಿನ ಇರುಳುಗಪ್ಪೆಯನ್ನೂ, 1937ರಲ್ಲಿ ಅವರು ವರ್ಣಿಸಿದ್ದ, ಕೆಂಪುಹೊಳೆಯ ಹೆಸರು ಹೊತ್ತ ಇನ್ನೊಂದನ್ನೂ ಮರಳಿ ಲೋಕಕ್ಕೆ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾಯರ ಹೆಸರನ್ನೇ ಸೇರಿಸಿ 'ರಾವೊರ್ಕೆಸ್ಟಿಸ್' ಎಂದು ಕರೆದಿದ್ದರು. ಗೊದಮೊಟ್ಟೆಯ ಅವಸ್ಥೆಯೇ ಇಲ್ಲದೆ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯಾಗಿ ಹೊರಬರುವ ಕುಲ ಅದು.

ಕಾಡು ಉಳಿದಿದ್ದುದರಿಂದ ಕಳೆದ ಹೆಸರಿಗೆ ಮತ್ತೆ ಒಡೆಯ ಸಿಕ್ಕಿದ. ಮೂಲಪ್ರತಿ ನಷ್ಟವಾದರೂ ಇನ್ನೊಂದು ಪ್ರತಿ ಎಲ್ಲೋ ಒಂದು ಮಠದ ಅಟ್ಟದಲ್ಲಿ ದೊರೆತ ಹಾಗೆ. ಆದರೆ ಬೆಂಗಳೂರಿನ ಹೆಸರು ಹೊತ್ತ ಕಪ್ಪೆಯ ಅಟ್ಟ ಯಾವುದು? ನಾವು ಪಾಳೆಂದು ಕರೆದು, ನಿವೇಶನಕ್ಕೂ ಕಾರ್ಖಾನೆಗೂ ಸಮತಟ್ಟು ಮಾಡುವ ನೆಲವೇ ಅಲ್ಲವೆ? ಬೇಗೂರಿನ ಕಲ್ಲನ್ನು ಓದಲು ಅಕ್ಷರ ಬಲ್ಲವರು ಬೇಕಾಯಿತು. ಮೊದಲ ಮಳೆಗೆ ಮಣ್ಣಿನಿಂದ ಎದ್ದು ಕೂಗುವ ಈ ಜೀವಿಯನ್ನು ಓದಲು ಅಷ್ಟೂ ಬೇಡ. ಅದರ ನೆಲವನ್ನು ಒಂದಿಷ್ಟು ಹಾಗೆಯೇ ಬಿಟ್ಟರೆ ಸಾಕು.