ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ

ಮೂರು ಪಾಟಿಗಳ ಮೇಲೆ ಒಂದೇ ಲೆಕ್ಕ: 52ರಲ್ಲಿ 27 ಕಳೆಯಿರಿ. ಒಬ್ಬಳ ಉತ್ತರ 35, ಇನ್ನೊಬ್ಬನದು 24, ಮತ್ತೊಬ್ಬನದು 79. ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆಯೇ. ಆದರೆ ಈ ಮೂರು ತಪ್ಪುಗಳಿಗೆ ಪರಸ್ಪರ ಸಂಬಂಧವೇ ಇಲ್ಲ. 35 ಬರೆದವಳು ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲಿ ಎರಡು ಕಳೆದಿದ್ದಾಳೆ. ದಶಕ ಬಿಡಿಸುವುದು ಅವಳಿಗಿನ್ನೂ ಗೊತ್ತಿಲ್ಲ. 24 ಬರೆದವನಿಗೆ ದಶಕ ಗೊತ್ತು, ಎಣಿಸುವಾಗ ಒಂದು ಬೆರಳು ತಪ್ಪಿದೆ, ಅಷ್ಟೆ. 79ರವನು ಚಿಹ್ನೆ ನೋಡದೆ ಕೂಡಿದ್ದಾನೆ, ಸರಿಯಾಗಿಯೇ ಕೂಡಿದ್ದಾನೆ. ಜಮಖಂಡಿ ತಾಲ್ಲೂಕಿನ ತುಬಚಿಯಾಗಲಿ, ಬನಹಟ್ಟಿಯ ಮಗ್ಗದ ಓಣಿಯಾಗಲಿ, ಮೂರನೆಯ ತರಗತಿಯ ಅಕ್ಕೋರು ದಿನವೂ ನೋಡುವ ನೋಟ ಇದು. ಈ ಪಾಟಿಗಳನ್ನು ಓದಲು ಅವರಿಗೆ ಯಾರು, ಯಾವಾಗ, ಎಷ್ಟು ನೆರವಾದರು? ನಮ್ಮಲ್ಲಿ ಗಣಿತ ಕಲಿಕೆಯ ಮಟ್ಟ ನಿಗದಿ ಮಾಡಿದ ಇತಿಹಾಸವನ್ನು ನಾನು ಈ ಪ್ರಶ್ನೆಯಿಂದಲೇ ನೋಡುತ್ತೇನೆ.

1948ರವರೆಗೆ ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ಆಮೇಲೆ ಎರಡೂ ಮುಂಬಯಿ ರಾಜ್ಯಕ್ಕೆ ಸೇರಿದವು. ಮುಂಬಯಿ ಕರ್ನಾಟಕದಲ್ಲಿ ಮಟ್ಟವೆಂದರೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ. ಅದರಲ್ಲಿ ಪಾಸಾದವನಿಗೆ ಮಾಸ್ತರಿಕೆಯೇ ಸಿಗುತ್ತಿತ್ತು. ಕಾಲು, ಅರ್ಧ, ಮುಕ್ಕಾಲು, ಸವಾ, ದೀಡಿನ ಮಗ್ಗಿಗಳು ಬಾಯಿಗೆ ಬರಲೇಬೇಕಿತ್ತು. ಮಟ್ಟದ ಅರ್ಥವೇನೆಂದು ಮಾಸ್ತರರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಪೇಟೆಯೇ ಹೇಳುತ್ತಿತ್ತು: ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಎಕರೆಗೆ 40 ಗುಂಟೆ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂತು, ಲೆಕ್ಕ ಹಗುರವಾಯಿತು. ಆದರೆ ಒಂದು ದೊಡ್ಡ ಘಟಕವನ್ನು ಬಿಡಿಸಿದರೆ ಯಾವಾಗಲೂ ಹತ್ತೇ ಬರಬೇಕಿಲ್ಲ ಎಂಬ ತಿಳಿವಳಿಕೆಯೂ ಆ ಮಗ್ಗಿಗಳ ಜೊತೆಗೇ ಹೋಯಿತು.

ಮಟ್ಟಗಳನ್ನು ಬರೆದು, ಅಂಕಿ ಹಾಕಿ, ದೇಶಕ್ಕೆಲ್ಲ ಹಂಚುವ ಕೆಲಸ ಶುರುವಾದದ್ದು 1991ರಲ್ಲಿ, ಆರ್. ಎಚ್. ದವೆ ಸಮಿತಿಯ ಕನಿಷ್ಠ ಕಲಿಕಾ ಮಟ್ಟಗಳಿಂದ. ಅದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಅಮೆರಿಕದ ಗಣಿತ ಶಿಕ್ಷಕರ ಸಂಘವೂ ಇಂಥದ್ದೇ ಒಂದು ದಾಖಲೆ ಹೊರಡಿಸಿತ್ತು. ಅಲ್ಲಿ ಅದನ್ನು ಬರೆದದ್ದು ಶಿಕ್ಷಕರ ಸಂಘ, ಇಲ್ಲಿ ಸರ್ಕಾರದ ಸಮಿತಿ. ಈ ವ್ಯತ್ಯಾಸದ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ದವೆ ಸಮಿತಿ ಗಣಿತವನ್ನು ಐದು ಕ್ಷೇತ್ರಗಳಾಗಿ ಒಡೆದು, ಪ್ರತಿ ಸಾಮರ್ಥ್ಯಕ್ಕೂ ಸಂಖ್ಯೆ ಕೊಟ್ಟಿತು. ಮಗು ಒಂದನ್ನು ಮುಗಿಸಿತೆಂದರೆ ಗುರುಗಳು ಆ ಸಂಖ್ಯೆಯ ಎದುರು ಗೆರೆ ಎಳೆದರೆ ಆಯಿತು. 35 ಮತ್ತು 24ರ ನಡುವಿನ ಅಂತರ ಆ ಗೆರೆಯಲ್ಲಿ ಕಾಣುತ್ತಿರಲಿಲ್ಲ.

ಬೇರೆ ದಾರಿಯೊಂದು ತೆರೆದದ್ದು ಮೈಸೂರು ಕಡೆ. 1995ರಲ್ಲಿ ಎಚ್. ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಪದ್ಧತಿ ಕಟ್ಟಿದರು. ಅದರ ಕಲಿಕಾ ಕಾರ್ಡುಗಳನ್ನು ಬರೆದವರು ಶಿಕ್ಷಕರೇ ಆದ್ದರಿಂದ, ಆ ಕಾರ್ಡುಗಳನ್ನು ಜೋಡಿಸಿದ ಕಲಿಕಾ ಏಣಿಯ ಯಾವ ಮೆಟ್ಟಿಲು ಯಾಕೆ ಅಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಮಟ್ಟವನ್ನು ಅರ್ಥಮಾಡಿಕೊಳ್ಳಲು ಅದನ್ನು ತಾವೇ ಬರೆಯುವುದಕ್ಕಿಂತ ಒಳ್ಳೆಯ ತರಬೇತಿ ಯಾವುದಿದೆ? 2009–10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಎಲ್ಲ ಶಾಲೆಗೂ ತಲುಪಿದವು. ಕಾರ್ಡು ಬರೆದ ಅನುಭವ ತಲುಪಲಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಚೆನ್ನೈನ ಆರ್. ರಾಮಾನುಜಂ ನೇತೃತ್ವದ ತಂಡ ಗಣಿತ ಬೋಧನೆಯ ನಾಲ್ಕು ರೋಗಗಳನ್ನು ಹೆಸರಿಸಿತು: ಮಕ್ಕಳ ಭಯ, ನಿರಾಶೆ ತರುವ ಪಠ್ಯಕ್ರಮ, ಒರಟು ಮೌಲ್ಯಮಾಪನ, ಶಿಕ್ಷಕರ ಸಿದ್ಧತೆಯ ಕೊರತೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದೇ ಔಷಧ ಬೇಕಿತ್ತೆಂದು ನನಗನ್ನಿಸುತ್ತದೆ. ಬಂದದ್ದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಪಾಠದ ನಡುವೆಯೇ ಮಗುವನ್ನು ಗಮನಿಸಿ ಪಾಠ ತಿದ್ದಿಕೊಳ್ಳಿ ಎಂಬುದು ರೂಪಣಾತ್ಮಕದ ಆಶಯ. ಆದರೆ ಅದು ಬಹಳ ಕಡೆ ಹದಿನೈದು ಅಂಕದ ಸಣ್ಣ ಪರೀಕ್ಷೆಯಾಯಿತು, ಉಳಿದದ್ದು ವಹಿ ತುಂಬುವ ಕೆಲಸ.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕಾಯ್ದೆಯ ನಿಯಮಗಳಿಗೇ ತರಗತಿವಾರು ಕಲಿಕಾ ಫಲಗಳನ್ನು ಸೇರಿಸಿತು. ಅದೇ ವರ್ಷ ನವೆಂಬರ್ 13ರಂದು ರಾಷ್ಟ್ರೀಯ ಸಾಧನಾ ಸಮೀಕ್ಷೆ, ಮತ್ತೆ 2021ರಲ್ಲಿ, 2024ರ ಡಿಸೆಂಬರ್ 4ರಂದು ‘ಪರಖ್’ ಹೆಸರಿನಲ್ಲಿ ಇನ್ನೊಮ್ಮೆ. ಇವು ಮಾದರಿ ಸಮೀಕ್ಷೆಗಳು. ನಮ್ಮ ಬಾಗಲಕೋಟೆ ಜಿಲ್ಲೆ ಎಲ್ಲಿದೆಯೆಂದು ಹೇಳುತ್ತವೆ, 35 ಬರೆದ ಹುಡುಗಿ ಎಲ್ಲಿದ್ದಾಳೆಂದು ಹೇಳುವುದಿಲ್ಲ. ಹೇಳಲೆಂದು ಅವನ್ನು ಮಾಡಿಯೂ ಇಲ್ಲ.

ಕಲಿಕಾ ಫಲದ ಒಂದು ಸಾಲನ್ನು ಎತ್ತಿಕೊಳ್ಳೋಣ: ಮೂರನೆಯ ತರಗತಿಯ ಮಗು ನಿತ್ಯಜೀವನದ ಸಂಕಲನ, ವ್ಯವಕಲನದ ಸಮಸ್ಯೆಗಳನ್ನು ಬಿಡಿಸಬೇಕು. ತುಬಚಿಯಲ್ಲಿ ನಿತ್ಯಜೀವನವೆಂದರೆ ಯಾವುದು? ಪುಸ್ತಕದ ಬಲೂನು, ಚಾಕೊಲೇಟುಗಳೇ, ಅಥವಾ ಕಬ್ಬಿನ ತೂಕದ ಚೀಟಿಯೇ? ತುಸು ದೊಡ್ಡ ಮಕ್ಕಳಿಗೆ ಇದನ್ನು ಕೇಳಿ ನೋಡಬಹುದು: 2 ಎಕರೆ 15 ಗುಂಟೆ ಹೊಲದಲ್ಲಿ 1 ಎಕರೆ 30 ಗುಂಟೆ ಕಬ್ಬು ಹಚ್ಚಿದರೆ ಉಳಿದದ್ದೆಷ್ಟು? ಉತಾರದ (ಪಹಣಿಯ) ಅಂಕಿಗಳನ್ನು ದಶಾಂಶವೆಂದು ತಿಳಿದ ಮಗು 85 ಗುಂಟೆ ಎನ್ನುತ್ತದೆ. ಅದು ಎರಡೆಕರೆಗಿಂತ ಹೆಚ್ಚಾಯಿತು! ಎಕರೆ ಬಿಡಿಸಿದರೆ 40 ಎಂದು ತಿಳಿದದ್ದು 25 ಎನ್ನುತ್ತದೆ. ದಶಕ ಬಿಡಿಸುವ ರೀತಿ ಕಂಠಪಾಠವಾಗಿದೆಯೋ, ಅರ್ಥವಾಗಿದೆಯೋ ಎಂಬುದು ಇದೊಂದೇ ಪ್ರಶ್ನೆಯಲ್ಲಿ ಹೊರಬೀಳುತ್ತದೆ. ಇಂಥ ಪ್ರಶ್ನೆ ಬೆಂಗಳೂರಿನಲ್ಲಿ ತಯಾರಾದ ಪ್ರಶ್ನೆಕೋಠಿಯಲ್ಲಿ ಸಿಗುವುದು ಕಷ್ಟ. ಇಲ್ಲಿನ ಗುರುಗಳೇ ಬರೆಯಬೇಕು.

ಭಾಷೆಯದೂ ಒಂದು ಮಾತಿದೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಏಳು ಆಮೇಲೆ, ಬರೆಯುವ ಕ್ರಮವೂ ಅದೇ. ಮರಾಠಿಯ ‘ಸತ್ತಾವೀಸ’ದಲ್ಲಿ ಏಳು ಮುಂದೆ. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿ ಎರಡನೆಯ ತರಗತಿಯ ಪುಸ್ತಕದಲ್ಲಿ ‘ವೀಸ ಸಾತ’ ಎಂಬ ಕ್ರಮ ತಂದಾಗ ದೊಡ್ಡ ಗದ್ದಲವೇ ಆಯಿತು. ಮನೆಯಲ್ಲಿ ಮರಾಠಿ ಆಡುವ ಗಡಿಯ ಮಗು 27ನ್ನು 72 ಎಂದು ಬರೆದರೆ ಅದು ದಡ್ಡತನವಲ್ಲ. ನಮ್ಮ ಮಗುವೂ ನೂರಾ ಐದನ್ನು 1005 ಎಂದು ಬರೆಯುತ್ತದೆ, ಕೇಳಿದ್ದನ್ನು ಕೇಳಿದಂತೆಯೇ.

ನೆರವಿನ ಪ್ರಯತ್ನಗಳು ಇಲ್ಲವೆಂದಲ್ಲ. ಪ್ರೌಢಶಾಲೆಯವರಿಗೆ ವಿಷಯ ಶಿಕ್ಷಕರ ವೇದಿಕೆ ಇತ್ತು, ಆಮೇಲೆ ಗುರುಚೇತನ ತರಬೇತಿ ಬಂತು. ಹೆಚ್ಚು ಮುಟ್ಟಿದ್ದು ಅಕ್ಷರ ಫೌಂಡೇಶನ್ ಜೊತೆಗಿನ ಗಣಿತ ಕಲಿಕಾ ಆಂದೋಲನ. ಅದು ಶಾಲೆಗಳಿಗೆ ಕೊಟ್ಟ ಗಣಿತದ ಪೆಟ್ಟಿಗೆಯಲ್ಲಿನ ಹತ್ತರ ಪಟ್ಟಿಯನ್ನು ಕೊಟ್ಟು ಹತ್ತು ಬಿಡಿಗಳನ್ನು ಪಡೆಯುವ ಮಗುವಿನ ಕೈ ನೋಡಿದರೆ ಸಾಕು, ಅದರ ತಲೆಯಲ್ಲೇನಿದೆ ಎಂದು ಗುರುಗಳಿಗೆ ತಿಳಿಯುತ್ತದೆ. ಪೆಟ್ಟಿಗೆ ಬೀರುವಿನೊಳಗೇ ಉಳಿದ ಶಾಲೆಗಳ ಮಾತು ಬೇರೆ. ಕೋವಿಡ್ ನಂತರ, 2022–23ರ ಕಲಿಕಾ ಚೇತರಿಕೆ ಮಗುವನ್ನು ಅದು ಇದ್ದ ಮಟ್ಟದಿಂದಲೇ ಎತ್ತಿಕೊಳ್ಳಿ ಎಂದಿತು. ಇಷ್ಟು ವರ್ಷಗಳ ಸುತ್ತೋಲೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ ಮಾತು ಅದು.

2025–26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂದಿದೆ. ಪ್ರತಿ ಪಾಠ ಮುಗಿದ ಮೇಲೆ ಕಿರುಪರೀಕ್ಷೆ, ಅಂಕಗಳ ದಾಖಲೆ. ಹೊರೆಯೆಂದು ಶಿಕ್ಷಕರು ದೂರುತ್ತಿದ್ದಾರೆ, ದೂರಿನಲ್ಲಿ ಹುರುಳಿದೆ. ಆದರೆ ಆ ಪರೀಕ್ಷೆಗಳ ತಪ್ಪುಗಳನ್ನು ಓದಲು ನೆರವೆಲ್ಲಿದೆ? ತುಬಚಿಯಿಂದ ಇಳಕಲ್ಲಿನ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನೂರು ಕಿಲೋಮೀಟರಿಗೂ ದೂರ. ಹತ್ತಿರವಿರುವುದು ಕ್ಲಸ್ಟರಿನ ಸಮಾಲೋಚನಾ ಸಭೆ. ಜಪಾನಿನಲ್ಲಿ ಶಿಕ್ಷಕರು ಒಬ್ಬರ ಪಾಠವನ್ನು ಎಲ್ಲರೂ ಕೂತು ನೋಡಿ, ಮಕ್ಕಳ ಉತ್ತರಗಳನ್ನು ಚರ್ಚಿಸುವ ಪದ್ಧತಿ ನೂರು ವರ್ಷಕ್ಕೂ ಹಳೆಯದು. ನಮ್ಮ ಸಭೆಯಲ್ಲಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸುತ್ತೋಲೆ ಓದುವ ಮೊದಲು ಹತ್ತು ಪಾಟಿಗಳ ಫೋಟೊ ಮುಂದಿಟ್ಟು, 35 ಬರೆದವಳಿಗೆ ನಾಳೆ ಏನು ಹೇಳಿಕೊಡೋಣ ಎಂದು ಕೇಳಲು ಯಾವ ಆದೇಶವೂ ಬೇಕಾಗಿಲ್ಲ, ಅರ್ಧ ತಾಸು ಬೇಕು.